ಹಕ್ಕಿಗೊಂದು ಕಣ್ಣು, ಕಲ್ಲಿಗೊಂದು ಕಣ್ಣು

ಕಾವೇರಿ ಶ್ರೀರಂಗಪಟ್ಟಣವನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲು ಒಂದು ಹಳೆಯ ಕಟ್ಟೆಯನ್ನು ಹಾಯುತ್ತಾಳೆ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645–48ರ ನಡುವೆ ಕಟ್ಟಿದ ಕಟ್ಟೆ ಅದು. ಕಟ್ಟೆಯಿಂದಾಗಿ ನೀರು ಹರಡಿ ನಿಂತಿತು, ನಡುನಡುವೆ ತಿಟ್ಟುಗಳು ಉಳಿದವು, ತಿಟ್ಟುಗಳ ಮೇಲೆ ಮರ ಬೆಳೆಯಿತು, ಮರಕ್ಕೆ ಹಕ್ಕಿ ಬಂತು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಮೈಸೂರು ಸಂಸ್ಥಾನ ಈ ಜಾಗವನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಅದಕ್ಕೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆಯೂ ದೊರೆಯಿತು. ಅದೇ ರಂಗನತಿಟ್ಟು.

ಚಳಿಗಾಲದ ಯಾವುದೇ ಭಾನುವಾರ ಇಲ್ಲಿನ ದೋಣಿಕಟ್ಟೆಯಲ್ಲಿ ಸಾಲುಗಟ್ಟಿ ನಿಂತವರನ್ನು ನೋಡಿದರೆ ಅನೇಕರ ಕೊರಳಲ್ಲಿ ಕ್ಯಾಮೆರಾ ತೂಗುತ್ತಿರುತ್ತದೆ. ಹಲವು ಕ್ಯಾಮೆರಾಗಳು ಹೊಸವು. ಮೊದಲ ಸಂಬಳದಲ್ಲಿ ಕೊಂಡವು, ಮಗನ ಹಟಕ್ಕೆ ಮಣಿದು ಅಪ್ಪ ಕೊಡಿಸಿದವು, ಆರು ಕಂತಿನಲ್ಲಿ ತೀರಬೇಕಾದವು. ದೋಣಿ ಒಂದು ಸುತ್ತು ಹೊಡೆದು ದಡಕ್ಕೆ ಬಂದಾಗ ಅವುಗಳ ಒಡೆಯರು ಪುಟ್ಟ ಪರದೆಯನ್ನು ಕೈಯಿಂದ ಮರೆಮಾಡಿಕೊಂಡು ನೋಡುತ್ತಾರೆ. ಹಸಿರಿನ ನಡುವೆ ಒಂದು ಬಿಳಿ ಚುಕ್ಕೆ. ಅದು ಕೊಕ್ಕರೆಯೆಂದು ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಇಷ್ಟು ದುಡ್ಡು ಸುರಿದ ಕ್ಯಾಮೆರಾ ಹೀಗೇಕೆ ಎಂಬ ಪ್ರಶ್ನೆ ಮುಖದಲ್ಲಿ ಎದ್ದು ಕಾಣುತ್ತದೆ.

ತಪ್ಪು ಕ್ಯಾಮೆರಾದ್ದಲ್ಲ. ಬಹುತೇಕ ಪ್ರಸಂಗಗಳಲ್ಲಿ ಆ ಚಿತ್ರದ ಹಣೆಬರಹ ಅಂಗಡಿಯ ಕಟ್ಟೆಯ ಮೇಲೆಯೇ ನಿರ್ಧಾರವಾಗಿರುತ್ತದೆ. ಕೊಳ್ಳುವವರು ಮೊದಲು ಕ್ಯಾಮೆರಾ ಪೆಟ್ಟಿಗೆಯನ್ನು ಆರಿಸುತ್ತಾರೆ, ಉಳಿದ ಚಿಲ್ಲರೆಯಲ್ಲಿ ಲೆನ್ಸು, ಕೊನೆಗೆ ಎಲ್ಲಿಗೆ ಹೋಗುವುದೆಂಬ ಯೋಚನೆ. ಕ್ರಮ ಇದರ ತಿರುವುಮುರುವಾಗಿರಬೇಕು. ಮೊದಲು ಹೋಗುವ ಜಾಗ, ಆಮೇಲೆ ಲೆನ್ಸು, ಕೊನೆಗೆ ಪೆಟ್ಟಿಗೆ. ಹಣ ಕಡಿಮೆಯಿದ್ದಷ್ಟೂ ಈ ಕ್ರಮದ ಬೆಲೆ ಹೆಚ್ಚು. ಇದನ್ನು ಒಂದೇ ದಿನದಲ್ಲಿ ಮನಗಾಣಿಸುವ ಎರಡು ತಾಣಗಳು ಮೈಸೂರಿನ ಆಸುಪಾಸಿನಲ್ಲೇ ಇವೆ. ಒಂದು ರಂಗನತಿಟ್ಟು, ಇನ್ನೊಂದು ಸೋಮನಾಥಪುರ. ಮೊದಲನೆಯದರಲ್ಲಿ ಬೆಳಕು ಧಾರಾಳ, ವಸ್ತು ದೂರ. ಎರಡನೆಯದರಲ್ಲಿ ವಸ್ತು ಹತ್ತಿರ, ಬೆಳಕಿಗೆ ಬರ.

ದೋಣಿಯ ಮೇಲಿನ ಲೆಕ್ಕ

ರಂಗನತಿಟ್ಟಿನ ವಿಶೇಷವೆಂದರೆ ಹಕ್ಕಿ ಇಲ್ಲಿ ಮನುಷ್ಯನಿಗೆ ಅಷ್ಟಾಗಿ ಬೆದರುವುದಿಲ್ಲ. ಹುಟ್ಟು ಹಾಕುವವನು ಬಂಡೆಯ ಪಕ್ಕಕ್ಕೆ, ಕೊಂಬೆಯ ಕೆಳಕ್ಕೆ ದೋಣಿಯನ್ನು ಮೆಲ್ಲಗೆ ತರುತ್ತಾನೆ. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ಹೆಜ್ಜಾರ್ಲೆ, ಕೆಂಬರಲು, ನೀರುಕಾಗೆ ಎಲ್ಲವೂ ತಮ್ಮ ಸಂಸಾರದಲ್ಲಿ ಮಗ್ನ. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆ ಕೂಡ ಕಣ್ಣು ಮಿಟುಕಿಸುವುದಿಲ್ಲ. ಬೇರೆ ಕಾಡುಗಳಲ್ಲಿ ದುಬಾರಿ ಲೆನ್ಸು ಮಾಡಬೇಕಾದ ಅರ್ಧ ಕೆಲಸವನ್ನು ಇಲ್ಲಿ ಅಂಬಿಗನೇ ಮಾಡಿಕೊಡುತ್ತಾನೆ. ಕಡಿಮೆ ಬಂಡವಾಳದವರಿಗೆ ಇದು ಹೇಳಿ ಮಾಡಿಸಿದ ಜಾಗ.

ಎಷ್ಟು ಲೆನ್ಸು ಬೇಕು ಎಂಬುದಕ್ಕೆ ಹೈಸ್ಕೂಲಿನ ಬೆಳಕಿನ ಪಾಠದಲ್ಲಿರುವ ಲೆಕ್ಕವೇ ಸಾಕು. ದೂರದ ವಸ್ತುವಿನ ಬಿಂಬದ ಎತ್ತರ ತಿಳಿಯಬೇಕಾದರೆ ವಸ್ತುವಿನ ಎತ್ತರವನ್ನು ಲೆನ್ಸಿನ ಸಂಗಮದೂರದಿಂದ ಗುಣಿಸಿ, ವಸ್ತು ಇರುವ ದೂರದಿಂದ ಭಾಗಿಸಬೇಕು. ಬಣ್ಣದ ಕೊಕ್ಕರೆ ನಿಂತರೆ ಸುಮಾರು ಒಂದು ಮೀಟರ್ ಎತ್ತರ. ಅದು ದೋಣಿಯಿಂದ 15 ಮೀಟರ್ ಆಚೆ ನಿಂತಿದೆಯೆನ್ನೋಣ. ಕ್ಯಾಮೆರಾದೊಂದಿಗೆ ಬರುವ 18–55 ಮಿ.ಮೀ. ಲೆನ್ಸನ್ನು ಪೂರ್ತಿ ಚಾಚಿದರೂ ಬಿಂಬದ ಎತ್ತರ 3.7 ಮಿ.ಮೀ. ದಾಟದು. ಆರಂಭಿಕ ಡಿಎಸ್‌ಎಲ್‌ಆರ್‌ಗಳಲ್ಲಿ ಬಿಂಬ ಬೀಳುವ ಸೆನ್ಸರ್ ಹಲಗೆ, ಕ್ಯಾನನ್‌ನದಾದರೆ, ಸುಮಾರು 22.3 ಮಿ.ಮೀ. ಅಗಲ, 14.9 ಮಿ.ಮೀ. ಎತ್ತರ. ಅಂದರೆ ಕೊಕ್ಕರೆ ಚಿತ್ರದ ಕಾಲು ಭಾಗ ಮಾತ್ರ. ಕೊಂಬೆ ಇನ್ನೂ ದೂರವಾದರೆ ಬಿಳಿ ಚುಕ್ಕೆಯೇ ಗತಿ.

ಅದೇ ಕ್ಯಾಮೆರಾಕ್ಕೆ 55–250 ಮಿ.ಮೀ. ಲೆನ್ಸು ತೊಡಿಸಿದರೆ ಅದೇ ಕೊಕ್ಕರೆಯ ಬಿಂಬ 16.7 ಮಿ.ಮೀ. ಆಗುತ್ತದೆ. ಕ್ಯಾಮೆರಾವನ್ನು ಅಡ್ಡವಾಗಿ ಹಿಡಿದರೆ ಹಕ್ಕಿ ಚೌಕಟ್ಟಿನಲ್ಲಿ ಹಿಡಿಸುವುದೇ ಇಲ್ಲ, ನೆಟ್ಟಗೆ ತಿರುಗಿಸಿಕೊಳ್ಳಬೇಕು. 30 ಮೀಟರ್ ದೂರದ ಹಕ್ಕಿಯೂ ಅರ್ಧಕ್ಕಿಂತ ಹೆಚ್ಚು ಚೌಕಟ್ಟನ್ನು ತುಂಬುತ್ತದೆ. ಆದರೆ ಇದೇ ಲೆಕ್ಕ ಲೆನ್ಸಿನ ಮಿತಿಯನ್ನೂ ತೋರಿಸುತ್ತದೆ. ಗೇಣುದ್ದವೂ ಇಲ್ಲದ, 16 ಸೆಂ.ಮೀ.ನ ಕಿರುಮಿಂಚುಳ್ಳಿ 15 ಮೀಟರ್ ದೂರದಲ್ಲಿದ್ದರೆ 250 ಮಿ.ಮೀ. ಲೆನ್ಸಿನಲ್ಲೂ ಅದರ ಬಿಂಬ 2.7 ಮಿ.ಮೀ. ಮಾತ್ರ. ಸಣ್ಣ ಹಕ್ಕಿಗಳ ಹುಚ್ಚು ಹಿಡಿದವರು ಇನ್ನಷ್ಟು ಹಣ ಕೂಡಿಸಿಕೊಳ್ಳಬೇಕು, ಇಲ್ಲವೇ ದೊಡ್ಡ ಹಕ್ಕಿಗಳಲ್ಲಿ ತೃಪ್ತಿ ಕಾಣಬೇಕು. ರಂಗನತಿಟ್ಟಿನಲ್ಲಿ ದೊಡ್ಡ ಹಕ್ಕಿಗಳಿಗೆ ಕೊರತೆಯಿಲ್ಲ.

ಇಲ್ಲಿ ಒಂದು ಮೋಸದ ಗುಂಡಿಯಿದೆ. ಕ್ಯಾಮೆರಾದ ಜೊತೆ ಅಗ್ಗಕ್ಕೆ ಕಟ್ಟಿಕೊಡುವ ಕ್ಯಾನನ್ 75–300 ಮಿ.ಮೀ. ಲೆನ್ಸು ಕಾಗದದ ಮೇಲೆ 55–250ಕ್ಕಿಂತ ದೊಡ್ಡದು. ಆದರೆ ಅದಕ್ಕೆ ಕೈನಡುಕ ತಡೆಯುವ ವ್ಯವಸ್ಥೆಯಿಲ್ಲ. 2013ರಲ್ಲಿ ಬಂದ ಕ್ಯಾನನ್ 55–250 ಎಸ್‌ಟಿಎಂ ಲೆನ್ಸಿನಲ್ಲಿ ಆ ವ್ಯವಸ್ಥೆಯಿದೆ, ಫೋಕಸ್ ಕೂಡ ಚುರುಕು. ನಿಕಾನ್‌ನ ಎಎಫ್-ಪಿ 70–300 ಲೆನ್ಸು ಎರಡು ಬಗೆಯಲ್ಲಿ ಬಂದಿತ್ತು. ಹೆಸರಿನ ಕೊನೆಗೆ ವಿಆರ್ ಎಂಬ ಎರಡಕ್ಷರವಿದ್ದರೆ ನಡುಕ ತಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ಆ ಎರಡಕ್ಷರವನ್ನು ಓದದೆ ಹಣ ಕೊಡಬಾರದು.

ಈ ವ್ಯವಸ್ಥೆ ತಡೆಯುವುದು ಕೈಯ ನಡುಕವನ್ನು ಮಾತ್ರ. ಹಕ್ಕಿ ಕತ್ತು ತಿರುಗಿಸುವುದನ್ನಾಗಲೀ ದೋಣಿಯ ತೂಗಾಟವನ್ನಾಗಲೀ ಅದು ನಿಲ್ಲಿಸದು. ಅದಕ್ಕೆ ಮದ್ದು ಶಟರ್ ವೇಗ. ಕುಳಿತ ಹಕ್ಕಿಗೆ ಸೆಕೆಂಡಿನ 500ನೇ ಒಂದು ಭಾಗ, ಹಾರುವ ಹಕ್ಕಿಗೆ 1600ನೇ ಒಂದು ಭಾಗ ಇದ್ದರೆ ರೆಕ್ಕೆಯ ಗರಿ ಗರಿಯೂ ನಿಲ್ಲುತ್ತದೆ. ಬೆಳಗಿನ ಬಿಸಿಲಿನಲ್ಲಿ ಇದು ಅಗ್ಗದ ಲೆನ್ಸಿಗೂ ಸಾಧ್ಯ. ಇನ್ನೊಂದು ಸಂಗತಿ ಬೆಳ್ಳಕ್ಕಿಗೆ ಸಂಬಂಧಿಸಿದ್ದು. ಕ್ಯಾಮೆರಾದ ಬೆಳಕಿನ ಮಾಪಕ ಲೋಕವೆಲ್ಲ ನಡುಬೂದು ಬಣ್ಣದ್ದೆಂದು ತಿಳಿದು ಲೆಕ್ಕ ಹಾಕುತ್ತದೆ. ಕಪ್ಪು ಮರದ ಮುಂದೆ ಕುಳಿತ ಬೆಳ್ಳಕ್ಕಿಯನ್ನು ತೋರಿಸಿದರೆ ಮರವನ್ನು ಬೆಳಗಿಸಲು ಹೋಗಿ ಹಕ್ಕಿಯನ್ನು ಸುಣ್ಣದ ಮುದ್ದೆ ಮಾಡುತ್ತದೆ. ಬೆಳಕನ್ನು ಒಂದು ಹಂತ ತಗ್ಗಿಸುವ ಗುಂಡಿ ಎಲ್ಲ ಡಿಎಸ್‌ಎಲ್‌ಆರ್‌ಗಳಲ್ಲೂ ಇದೆ. ಅದನ್ನು ಒತ್ತಲು ಖರ್ಚಿಲ್ಲ.

ಪೆಟ್ಟಿಗೆಗೆ ಎಷ್ಟು?

ಕನ್ನಡ ನಾಡಿನ ಹಕ್ಕಿಗಳನ್ನು, ಕಾಡುಪ್ರಾಣಿಗಳನ್ನು ಜಗತ್ತಿಗೆ ತೋರಿಸಿದ ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಪಳಗಿದ್ದು ಫಿಲ್ಮಿನ ಕಾಲದಲ್ಲಿ. ಒಂದು ಸುರುಳಿಗೆ 36 ಚಿತ್ರ, ತೊಳೆಸಿ ತರುವ ತನಕ ಏನು ಬಂದಿದೆಯೆಂಬುದು ತಿಳಿಯದು. ಆ ಕಾಲಕ್ಕೆ ಹೋಲಿಸಿದರೆ ಇಂದು ಅತ್ಯಂತ ಅಗ್ಗದ ಡಿಎಸ್‌ಎಲ್‌ಆರ್ ಕೂಡ ಐಶ್ವರ್ಯವೇ ಸರಿ. 2018ರಲ್ಲಿ ಬಂದ ಕ್ಯಾನನ್ 1500ಡಿ, ಅದೇ ವರ್ಷದ ನಿಕಾನ್ ಡಿ3500 ಎರಡರಲ್ಲೂ 2.4 ಕೋಟಿ ಚುಕ್ಕೆಗಳ ಸೆನ್ಸರ್ ಇದೆ. ಗೋಡೆಗೆ ತೂಗುಹಾಕುವ ದೊಡ್ಡ ಪಟ ತೆಗೆಸಲು ಇದು ಧಾರಾಳ ಸಾಕು. ಇದಕ್ಕಿಂತ ಮೇಲಿನ ಪೆಟ್ಟಿಗೆ ಹಾರುವ ಹಕ್ಕಿಯನ್ನು ಚುರುಕಾಗಿ ಹಿಡಿದೀತು, ಸೆಕೆಂಡಿಗೆ ಇನ್ನೂ ನಾಲ್ಕು ಚಿತ್ರ ಹೆಚ್ಚು ತೆಗೆದೀತು. ಆದರೆ ದೂರದ ಕೊಕ್ಕರೆಯನ್ನು ಅದು ಒಂದು ಅಂಗುಲವೂ ಹತ್ತಿರ ತಾರದು.

ತಯಾರಕರು ಈಗ ಕನ್ನಡಿಯಿಲ್ಲದ ಕ್ಯಾಮೆರಾಗಳತ್ತ ಹೊರಳಿದ್ದಾರೆ. ನಿಕಾನ್ ಡಿ3500ರ ತಯಾರಿಕೆ ನಿಂತುಹೋಗಿದೆ. ಕೈ ಬಿಗಿಯಿರುವವರಿಗೆ ಇದು ನಷ್ಟವಲ್ಲ, ಲಾಭವೇ. ಅನುಕೂಲಸ್ಥರು ಹೊಸದಕ್ಕೆ ಹಾರಿದಾಗ ಅವರ ಹಳೆಯ ಪೆಟ್ಟಿಗೆ, ಲೆನ್ಸುಗಳು ಕಡಿಮೆ ಬೆಲೆಗೆ ಕೈಬದಲಾಗುತ್ತವೆ. ಹೊಸ ಲೆನ್ಸುಗಳು ಇನ್ನು ಮುಂದೆ ಇವಕ್ಕಾಗಿ ಹೆಚ್ಚು ಬರಲಾರವು ಎಂಬುದು ನಿಜ. ಆದರೆ ಈಗಾಗಲೇ ಬಂದಿರುವ ಲೆನ್ಸುಗಳ ರಾಶಿಯೇ ಒಂದು ಜೀವಮಾನಕ್ಕೆ ಸಾಕಾಗುವಷ್ಟಿದೆ.

ಹಳೆಯದನ್ನು ಕೊಳ್ಳುವಾಗ ಎತ್ತಿನ ಹಲ್ಲು ನೋಡುವಂತೆ ನಾಲ್ಕು ಕಡೆ ನೋಡಬೇಕು. ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ಎಂದು ಪರೀಕ್ಷಿಸಬೇಕು. ಇದ್ದರೆ ಅದು ಬೂಷ್ಟು, ಬಿಟ್ಟುಬಿಡುವುದೇ ಲೇಸು. ಮಲೆನಾಡು, ಕರಾವಳಿಯ ತೇವದಲ್ಲಿ ಇದು ಸಾಮಾನ್ಯ. ಲೆನ್ಸಿನ ರಂಧ್ರವನ್ನು ಎಫ್ 22ಕ್ಕೆ ಕಿರಿದುಮಾಡಿ ಬರಿಯ ಆಕಾಶದ ಒಂದು ಚಿತ್ರ ತೆಗೆದರೆ ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಶಟರ್ ಎಷ್ಟು ಬಾರಿ ಓಡಿದೆಯೆಂಬ ಲೆಕ್ಕ ನಿಕಾನ್ ಚಿತ್ರದ ಕಡತದಲ್ಲೇ ಅಡಗಿರುತ್ತದೆ, ಕಂಪ್ಯೂಟರಿನಲ್ಲಿ ಓದಬಹುದು. ಡಿ3500ರ ಶಟರ್ 1 ಲಕ್ಷ ಬಾರಿಯ ಬಾಳಿಕೆಗೆ ಪರೀಕ್ಷಿಸಿದ್ದು. ಹತ್ತು ಸಾವಿರ ಓಡಿದ್ದರೆ ಎತ್ತು ಇನ್ನೂ ಎಳೆಯದು, ತೊಂಬತ್ತು ಸಾವಿರವಾದರೆ ಬೆಲೆ ಇಳಿಸಿ ಕೇಳಬೇಕು.

ಲೆನ್ಸು, ಪೆಟ್ಟಿಗೆಗಳ ಜಾತಕ ಕೂಡಿಬರಬೇಕಾದದ್ದೂ ಮುಖ್ಯ. ಕ್ಯಾನನ್‌ನ ಆರಂಭಿಕ ಡಿಎಸ್‌ಎಲ್‌ಆರ್‌ಗಳಲ್ಲಿ ಈ ತೊಡಕು ಕಡಿಮೆ. ನಿಕಾನ್‌ನ ಡಿ3000, ಡಿ5000 ಸಾಲಿನ ಪೆಟ್ಟಿಗೆಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಅದು ಲೆನ್ಸಿನಲ್ಲೇ ಇರಬೇಕು. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಎಎಫ್-ಡಿ ಲೆನ್ಸು ತಂದರೆ ಕೈಯಿಂದಲೇ ಫೋಕಸ್ ತಿರುಗಿಸುತ್ತ ಕೂರಬೇಕಾಗುತ್ತದೆ. ಮೇಲೆ ಹೇಳಿದ ಎಎಫ್-ಪಿ ಲೆನ್ಸು ಡಿ3100ರಂಥ ಹಳೆಯ ಪೆಟ್ಟಿಗೆಗಳೊಡನೆ ಫೋಕಸ್ ಮಾಡುವುದಿಲ್ಲ.

ನವರಂಗದ ಕತ್ತಲೆ

ರಂಗನತಿಟ್ಟಿನಿಂದ ಮಧ್ಯಾಹ್ನ ಹೊರಟು ಬನ್ನೂರು ಮಾರ್ಗವಾಗಿ ಸೋಮನಾಥಪುರ ತಲುಪಿದರೆ ಪರೀಕ್ಷೆಯ ಎರಡನೆಯ ಪತ್ರಿಕೆ. ಹೊಯ್ಸಳ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯ ಇಲ್ಲಿದೆ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗುಡಿ. ಬೆಳಗ್ಗೆ ಮೆರೆದ 250 ಮಿ.ಮೀ. ಲೆನ್ಸು ಇಲ್ಲಿ ಚೀಲದಲ್ಲಿ ಮಲಗಬೇಕು. ಬೆಳಗ್ಗೆ ಎಲ್ಲರೂ ಹಳಿದ 18–55 ಲೆನ್ಸಿಗೆ ಈಗ ಮರ್ಯಾದೆ.

ಗುಡಿ ನಿಂತಿರುವುದು ನಕ್ಷತ್ರಾಕಾರದ ಜಗತಿಯ ಮೇಲೆ. ಜಗತಿ ಕಿರಿದು, ಗೋಡೆಯಿಂದ ಬಹಳ ಹಿಂದೆ ಸರಿಯುವಂತಿಲ್ಲ. ಕೆಳಗಿನಿಂದ ಮೇಲಕ್ಕೆ ಆನೆಗಳ ಸಾಲು, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸ ಹೀಗೆ ಪಟ್ಟಿಕೆಗಳು ಒಂದರ ಮೇಲೊಂದು ಓಡುತ್ತವೆ. ಅವುಗಳ ಮೇಲೆ ದೇವತಾಮೂರ್ತಿಗಳು. ಹಲವು ಮೂರ್ತಿಗಳ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರಿದೆ. ನೆತ್ತಿಯ ಮೇಲಿನ ಸೂರ್ಯನಲ್ಲಿ ಈ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಸೂರ್ಯ ಇಳಿದು ಬೆಳಕು ಗೋಡೆಗೆ ಸವರಿಕೊಂಡಂತೆ ಬಂದಾಗ ಪ್ರತಿ ಮಣಿಗೂ ತನ್ನದೇ ನೆರಳು ಹುಟ್ಟಿ ಕಲ್ಲು ಉಬ್ಬುತ್ತದೆ. ಸಂಜೆಯ ತನಕ ಕಾಯುವ ತಾಳ್ಮೆ ಯಾವ ಅಂಗಡಿಯಲ್ಲೂ ಸಿಗದ ಲೆನ್ಸು.

ಒಳಗೆ ಕಾಲಿಟ್ಟರೆ ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಕೇಶವ, ಜನಾರ್ದನ, ವೇಣುಗೋಪಾಲ ಮೂವರ ಗರ್ಭಗುಡಿಗಳು, ಕಡೆದಂತೆ ನುಣುಪಾದ ಕಂಬಗಳು, ತಲೆಯೆತ್ತಿದರೆ ಬಾಳೆಮೊಗ್ಗು ಇಳಿಬಿದ್ದ ಭುವನೇಶ್ವರಿಗಳು. ಒಂದರಂತೆ ಇನ್ನೊಂದಿಲ್ಲ. ಫ್ಲಾಷ್ ಹಾಕಿದರೆ ಬೆಳಕು ಎದುರಿನಿಂದಲೇ ಬಡಿದು ಕೆತ್ತನೆಯ ನೆರಳನ್ನೆಲ್ಲ ಅಳಿಸಿಬಿಡುತ್ತದೆ. ಮುಕ್ಕಾಲಿ ಹೂಡಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು.

ಇಂಥಲ್ಲಿ ಎಲ್ಲರೂ ಶಿಫಾರಸು ಮಾಡುವುದು 50 ಮಿ.ಮೀ. ಎಫ್ 1.8 ಲೆನ್ಸನ್ನು. ಕ್ಯಾನನ್ ಮಾದರಿಯ ಲೆನ್ಸುಗಳಲ್ಲೆಲ್ಲ ತೀರ ಅಗ್ಗದ ಸಾಲಿಗೆ ಸೇರಿದ್ದು ಇದು. ಇದರ ರಂಧ್ರ ದೊಡ್ಡದು. 18–55 ಲೆನ್ಸು 55ರಲ್ಲಿ ಎಫ್ 5.6ಕ್ಕೆ ನಿಲ್ಲುವುದಕ್ಕೆ ಹೋಲಿಸಿದರೆ ಸುಮಾರು ಒಂಬತ್ತೂವರೆ ಪಟ್ಟು ಬೆಳಕನ್ನು ಒಳಬಿಡುತ್ತದೆ. ಸೆಕೆಂಡಿನ ಐದನೇ ಒಂದು ಭಾಗ ಬೇಕಿದ್ದ ಕಡೆ ಐವತ್ತನೇ ಒಂದು ಭಾಗದಲ್ಲಿ ಕೆಲಸ ಮುಗಿಯುತ್ತದೆ. ಕಂಬಕ್ಕೊರಗಿ ನಿಂತ ಅಜ್ಜಿಯ ಮುಖ, ಬಾಗಿಲ ಬೆಳಕಿನಲ್ಲಿ ಓಡಿಬರುವ ಮಗು ಇಂಥ ಚಿತ್ರಗಳಿಗೆ ಇದಕ್ಕೆ ಸಾಟಿಯಿಲ್ಲ.

ಆದರೆ ಭುವನೇಶ್ವರಿಗೆ? ಸೂರು ನಾಲ್ಕು ಮೀಟರ್ ಮೇಲಿದೆಯೆಂದಿಟ್ಟುಕೊಂಡರೆ 50 ಮಿ.ಮೀ. ಲೆನ್ಸಿನ ನೋಟಕ್ಕೆ ಸಿಗುವುದು ಸುಮಾರು 1.8 ಮೀಟರ್ ಅಗಲ, 1.2 ಮೀಟರ್ ಉದ್ದದ ತುಂಡು. ಮೊಗ್ಗು ಬಂತು, ಅದರ ಸುತ್ತಲಿನ ಚೌಕ ಹೋಯಿತು. 18 ಮಿ.ಮೀ.ನಲ್ಲಾದರೆ ಸುಮಾರು ಐದು ಮೀಟರ್ ಅಗಲ, ಮೂರೂಕಾಲು ಮೀಟರ್ ಉದ್ದ ಹಿಡಿಯುತ್ತದೆ. ಕಲ್ಲು ಅಲುಗುವುದಿಲ್ಲವಾದ್ದರಿಂದ ದೊಡ್ಡ ರಂಧ್ರದ ಹಂಗೂ ಇಲ್ಲ. ಕ್ಯಾಮೆರಾವನ್ನು ಒಂದು ಕರವಸ್ತ್ರದ ಮೇಲೆ ನೆಲಕ್ಕೆ ಅಂಗಾತ ಮಲಗಿಸಿ, ಲೆನ್ಸು ನೆತ್ತಿಗೆ ನೋಡುವಂತೆ ಇಟ್ಟು, ಸ್ವಯಂಚಾಲಿತ ಗುಂಡಿಗೆ ಹತ್ತು ಸೆಕೆಂಡು ಕೊಟ್ಟು ಪಕ್ಕಕ್ಕೆ ಸರಿದರೆ ಆಯಿತು. ಶಟರ್ ಎರಡು ಸೆಕೆಂಡು ತೆರೆದಿದ್ದರೂ ಚಿತ್ರ ಕದಲದು. ಮುಕ್ಕಾಲಿಯ ಕೆಲಸವನ್ನು ಹೊಯ್ಸಳರ ನೆಲವೇ ಮಾಡಿಕೊಡುತ್ತದೆ. ಬೆಲೆ ಒಂದು ಕರವಸ್ತ್ರ.

ಹತ್ತು ಪಾಲಿನ ಹಂಚಿಕೆ

ಬೆಲೆಗಳು ಅಂಗಡಿಯಿಂದ ಅಂಗಡಿಗೆ, ಹಬ್ಬದಿಂದ ಹಬ್ಬಕ್ಕೆ ಬದಲಾಗುತ್ತವೆ. ಹಾಗಾಗಿ ಹಣವನ್ನು ರೂಪಾಯಿಗಳಲ್ಲಿ ಎಣಿಸುವ ಬದಲು ಹತ್ತು ಪಾಲು ಮಾಡುವುದು ಒಳ್ಳೆಯದು. ಹಕ್ಕಿ, ಗುಡಿ ಎರಡೂ ಬೇಕೆನ್ನುವವರು ಪೆಟ್ಟಿಗೆ ಮತ್ತು 18–55 ಲೆನ್ಸಿಗೆ ಐದು ಪಾಲು, ನಡುಕ ತಡೆಯುವ 55–250ಕ್ಕೋ 70–300ಕ್ಕೋ ಮೂರು ಪಾಲು, ಕಾರ್ಡು, ಎರಡನೇ ಬ್ಯಾಟರಿ, ಚೀಲ, ತೇವ ಹೀರುವ ಸಿಲಿಕಾ ಹರಳುಗಳಿಗೆ ಒಂದು ಪಾಲು ತೆಗೆದಿಡಬಹುದು. ಉಳಿದ ಒಂದು ಪಾಲು ಪ್ರಯಾಣಕ್ಕೆ. ಈ ಕೊನೆಯ ಪಾಲನ್ನು ಮರೆತವರ ಕ್ಯಾಮೆರಾಗಳೇ ಕಪಾಟಿನಲ್ಲಿ ಬೂಷ್ಟು ಹಿಡಿಯುವುದು.

ಹಕ್ಕಿಯ ಗೊಡವೆ ಬೇಡ, ಗುಡಿ ಮತ್ತು ಮನೆಮಂದಿ ಸಾಕೆನ್ನುವವರು ದೂರದ ಲೆನ್ಸಿನ ಪಾಲನ್ನು ಉಳಿಸಿ 50 ಮಿ.ಮೀ. ಕೊಳ್ಳಬಹುದು. ನಿಕಾನ್ ಇದ್ದವರಿಗೆ 35 ಮಿ.ಮೀ. ಎಫ್ 1.8 ಲೆನ್ಸು ಮನೆಯೊಳಗೆ ಇನ್ನೂ ಅನುಕೂಲ. ಮೂರನ್ನೂ ಒಟ್ಟಿಗೆ ಕೊಳ್ಳುವ ಅವಸರ ಬೇಡ. 18–55 ಒಂದರಲ್ಲೇ ಆರು ತಿಂಗಳು ಕಳೆದವನಿಗೆ ಮುಂದಿನ ಲೆನ್ಸು ಯಾವುದೆಂದು ಅಂಗಡಿಯವನು ಹೇಳಬೇಕಾಗುವುದಿಲ್ಲ. ಯಾವ ಚಿತ್ರ ಕೈತಪ್ಪಿತೆಂಬ ಕೊರಗೇ ಹೇಳುತ್ತದೆ.

ಹತ್ತಿರ ಹೋಗುವ ಆಸೆ

ಸಣ್ಣ ಲೆನ್ಸಿನವನಿಗೆ ಒಂದು ಅಪಾಯಕಾರಿ ಆಸೆ ಹುಟ್ಟುತ್ತದೆ. ಇನ್ನೊಂದಿಷ್ಟು ಹತ್ತಿರ ಹೋದರೆ? ಅಂಬಿಗನ ಕೈಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ಗೂಡಿನ ಕೆಳಗೇ ದೋಣಿ ತರಿಸಿದರೆ? ಲೆಕ್ಕದ ಪ್ರಕಾರ ದೂರ ಅರ್ಧವಾದರೆ ಬಿಂಬ ಎರಡರಷ್ಟಾಗುವುದು ಸರಿಯೇ. ಆದರೆ ಆ ಲೆಕ್ಕದಲ್ಲಿ ಹಕ್ಕಿಯ ಪಾಲು ಸೇರಿರುವುದಿಲ್ಲ. ಬೇಸಗೆಯಲ್ಲಿ ಬಣ್ಣದ ಕೊಕ್ಕರೆ ಗೂಡಿನ ಮೇಲೆ ರೆಕ್ಕೆ ಅಗಲಿಸಿ ನಿಂತು ಮರಿಗಳಿಗೆ ನೆರಳು ಹಿಡಿಯುತ್ತದೆ. ಬೆದರಿ ಅದು ಹಾರಿಹೋದರೆ ಎಳೆಯ ಮರಿಗಳು ಉರಿಬಿಸಿಲಿಗೆ ಬೀಳುತ್ತವೆ, ಮೊಟ್ಟೆಗಳಿಗೆ ಕಾಗೆ ಎರಗುತ್ತದೆ. ಒಂದು ಚಿತ್ರದ ಬೆಲೆ ಒಂದು ಸಂಸಾರವಾಗಬಾರದು.

ಇದಕ್ಕೆ ಪಾಠ ಬೇಕಾದವರು ಮದ್ದೂರು ಬಳಿಯ ಕೊಕ್ಕರೆ ಬೆಳ್ಳೂರಿಗೆ ಹೋಗಬೇಕು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರೊಳಗಿನ ಹುಣಿಸೆ ಮರಗಳಲ್ಲಿ, ಮನೆಗಳ ಹೆಂಚಿನ ಮೇಲೆ ಬಾಗಿದ ಕೊಂಬೆಗಳಲ್ಲಿ. ಊರವರಿಗೆ ಅವು ತವರಿಗೆ ಬಂದ ಹೆಣ್ಣುಮಕ್ಕಳಿದ್ದಂತೆ. ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರ. ಬೀದಿಯಲ್ಲಿ ನಿಂತು 250 ಮಿ.ಮೀ. ಲೆನ್ಸಿನಲ್ಲಿ ತೆಗೆದಷ್ಟೇ ಚಿತ್ರ ಸಾಕು. ಛಾವಣಿ ಹತ್ತುವುದು, ಚಪ್ಪಾಳೆ ತಟ್ಟಿ ಹಾರಿಸುವುದು, ಕಲ್ಲೆಸೆಯುವುದು ಇವನ್ನು ಆ ಊರಿನ ಮಕ್ಕಳೂ ಮಾಡುವುದಿಲ್ಲ. ಹಕ್ಕಿಗೆ ಎಷ್ಟು ದೂರ ಬೇಕೆಂಬುದನ್ನು ಹಕ್ಕಿಯೇ ನಿರ್ಧರಿಸಲಿ. ಆ ದೂರದಿಂದ ಚಿತ್ರ ಬರುವಷ್ಟು ಲೆನ್ಸು ಕೊಳ್ಳುವುದು, ಇಲ್ಲವೇ ಬಂದಷ್ಟರಲ್ಲಿ ಸಂತೋಷಪಡುವುದು ಮನುಷ್ಯನ ಪಾಲಿನ ಕೆಲಸ. ಹೆಜ್ಜಾರ್ಲೆ ಮರದ ತುಂಬ ಕುಳಿತಿರುವ, ಕೆಳಗೆ ಹಸು ಕಟ್ಟಿರುವ, ಪಕ್ಕದಲ್ಲಿ ಅಜ್ಜಿ ರಾಗಿ ಕೇರುತ್ತಿರುವ ಚಿತ್ರಕ್ಕೆ 18 ಮಿ.ಮೀ. ಸಾಕು. ಕೊಕ್ಕರೆ ಬೆಳ್ಳೂರು ಎಂದರೆ ಏನೆಂಬುದನ್ನು ಅದು ಕೊಕ್ಕಿನ ಸಮೀಪಚಿತ್ರಕ್ಕಿಂತ ಚೆನ್ನಾಗಿ ಹೇಳುತ್ತದೆ.

ಹೋಗುವುದು ಹೇಗೆ?

ರಂಗನತಿಟ್ಟು ಮೈಸೂರಿನಿಂದ ಸುಮಾರು 18 ಕಿ.ಮೀ., ಶ್ರೀರಂಗಪಟ್ಟಣದಿಂದ ಮೂರ್ನಾಲ್ಕು ಕಿ.ಮೀ. ಶ್ರೀರಂಗಪಟ್ಟಣಕ್ಕೆ ರೈಲು, ಬಸ್ಸು ಎರಡೂ ಇದ್ದು ಅಲ್ಲಿಂದ ಆಟೊ ಸಿಗುತ್ತದೆ. ಡಿಸೆಂಬರಿನಿಂದ ಜೂನ್ ತನಕ ಕೊಕ್ಕರೆ, ಹೆಜ್ಜಾರ್ಲೆಗಳ ಸಂಸಾರ ನೋಡಲು ಸಕಾಲ. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ನೀರು ಹೆಚ್ಚು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡು ಹೋಗುವುದು ಒಳಿತು. ಕ್ಯಾಮೆರಾಕ್ಕೆ ಪ್ರತ್ಯೇಕ ಶುಲ್ಕವುಂಟು. ಬೆಳಗಿನ ಮೊದಲ ದೋಣಿಗಳಲ್ಲಿ ಬೆಳಕೂ ಚೆನ್ನ, ಗದ್ದಲವೂ ಕಡಿಮೆ.

ಸೋಮನಾಥಪುರ ಮೈಸೂರಿನಿಂದ ಬನ್ನೂರು ಮಾರ್ಗವಾಗಿ ಸುಮಾರು 35 ಕಿ.ಮೀ. ಸಂಜೆ ಬೇಗ ಬಾಗಿಲು ಹಾಕುವುದರಿಂದ ಮೂರೂವರೆಗಾದರೂ ಒಳಗಿರಬೇಕು. ಕೊಕ್ಕರೆ ಬೆಳ್ಳೂರು ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಸುಮಾರು 12 ಕಿ.ಮೀ. ಒಳಗಿದೆ. ಜನವರಿಯ ನಂತರ ಹೋದರೆ ಗೂಡುಗಳು ಕಾಣುತ್ತವೆ. ಇನ್ನೂ ಕ್ಯಾಮೆರಾ ಕೊಳ್ಳದವರು ಒಮ್ಮೆ ಬರಿಗೈಯಲ್ಲೇ ಈ ಮೂರು ಕಡೆ ಸುತ್ತಿ ಬರುವುದು ಲೇಸು. ಅಂಗಡಿಯ ಮೆಟ್ಟಿಲು ಹತ್ತುವಾಗ ಏನು ಕೇಳಬೇಕೆಂಬುದು ಆಗ ಗೊತ್ತಿರುತ್ತದೆ.